ಪಹಣಿಯೂ ಗಣಕವೂ: ಚಿಕ್ಕಬಳ್ಳಾಪುರ ಸೀಮೆಯ ಭೂದಾಖಲೆಗಳ ಹಿನ್ನೆಲೆಯಲ್ಲಿ ತಂತ್ರಾಂಶ ವೇದಿಕೆಗಳ ವಿಮರ್ಶೆ

೧. ಪೀಠಿಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು ಬಹುಕಾಲ ಕೋಲಾರ ಜಿಲ್ಲೆಯ ಭಾಗಗಳಾಗಿದ್ದು, ೨೦೦೭ರಲ್ಲಿ ಬಾಗೇಪಲ್ಲಿ ಗುಡಿಬಂಡೆಗಳೊಡನೆ ಸೇರಿ ಪ್ರತ್ಯೇಕ ಜಿಲ್ಲೆಯಾದುವು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಬೇಸಾಯವು ಕೆರೆ, ಬಾವಿ, ಕೊಳವೆಬಾವಿಗಳನ್ನು ನೆಚ್ಚಿಕೊಂಡಿದೆ. ಹಿಡುವಳಿಗಳು ಬಹುಮಟ್ಟಿಗೆ ಚಿಕ್ಕವು. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ಟೊಮೇಟೊ, ಗೌರಿಬಿದನೂರಿನ ಮುಸುಕಿನ ಜೋಳ ಇವೆಲ್ಲ ಅನೇಕ ವೇಳೆ ಎಕರೆಗಳಲ್ಲಲ್ಲದೆ ಗುಂಟೆಗಳಲ್ಲಿ ಎಣಿಸತಕ್ಕ ನೆಲದಲ್ಲಿ ಬೆಳೆಯುವುವು. ಇಂತಹ ಸೀಮೆಯಲ್ಲಿ ಪಹಣಿಯೆಂಬ ಒಂದು ಹಾಳೆಯ ಬೆಲೆ ಎಷ್ಟೆಂಬುದನ್ನು ಅರಿಯದವರಾರು? ಬ್ಯಾಂಕಿನ ಸಾಲಕ್ಕೆ ಅದು ಬೇಕು. ಬೆಳೆನಷ್ಟದ ಪರಿಹಾರಕ್ಕೆ ಅದು ಬೇಕು. ಅಣ್ಣತಮ್ಮಂದಿರು ಪಾಲಾಗುವಾಗಲೂ ನ್ಯಾಯಾಲಯದ ಮೆಟ್ಟಿಲೇರುವಾಗಲೂ ಅದೇ ಬೇಕು.

ಈ ಹಾಳೆಯನ್ನು ಇಂದು ಬರೆಯುವುದು ಮನುಷ್ಯನ ಕೈಯಲ್ಲ, ಗಣಕಯಂತ್ರದ ಒಂದು ಪ್ರೋಗ್ರಾಮು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಈ ಮಾರ್ಪಾಟನ್ನು ಉಂಟುಮಾಡಿದ ವರ್ಷಗಳಲ್ಲಿಯೇ, ಎಂದರೆ ೧೯೯೯ರಿಂದ ೨೦೦೩ರವರೆಗಿನ ಅವಧಿಯಲ್ಲಿ, ಜಗತ್ತಿನ ತಂತ್ರಾಂಶ ತಜ್ಞರಲ್ಲಿ ಒಂದು ದೊಡ್ಡ ವಾದ ನಡೆಯುತ್ತಿದ್ದಿತು. ದೊಡ್ಡ ಸಂಸ್ಥೆಗಳ ಕಾರ್ಯಭಾರಕ್ಕೆ ಯಾವ ತಂತ್ರಾಂಶ ವೇದಿಕೆ ಮೇಲು ಎಂಬುದು ಆ ವಾದದ ವಿಷಯ. ಒಂದು ಕಡೆ ಜಾವಾ, ಇನ್ನೊಂದು ಕಡೆ ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್. ಈ ಎರಡು ಇತಿಹಾಸಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ. ವೇದಿಕೆಗಳನ್ನು ತೂಗಿದವರು ಬಳಸಿದ ತಕ್ಕಡಿ ಯಾವುದು, ಚಿಂತಾಮಣಿಯ ರೈತನಿಗೆ ಬೇಕಾಗಿದ್ದ ತಕ್ಕಡಿ ಯಾವುದು ಎಂದು ವಿಚಾರಿಸಿದರೆ, ಇವೆರಡೂ ಒಂದೇ ಅಲ್ಲವೆಂಬುದು ವಿದಿತವಾಗುತ್ತದೆ.

ಮೊದಲು ಒಂದೆರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಗಣಕಯಂತ್ರಕ್ಕೆ ಇಂತಿಂತಹ ಕೆಲಸವನ್ನು ಇಂತಿಂತಹ ಕ್ರಮದಲ್ಲಿ ಮಾಡೆಂದು ಕೊಡುವ ಆಜ್ಞೆಗಳ ಸಮುದಾಯವು ತಂತ್ರಾಂಶ. ಅಂತಹ ತಂತ್ರಾಂಶವನ್ನು ಕಟ್ಟುವುದಕ್ಕೂ ನಡೆಸುವುದಕ್ಕೂ ಆಧಾರವಾದ ಭಾಷೆ, ಸಿದ್ಧಭಾಗಗಳು, ನಡೆಸುವ ಯಂತ್ರವ್ಯವಸ್ಥೆ ಇವೆಲ್ಲ ಸೇರಿ ವೇದಿಕೆ ಎನಿಸಿಕೊಳ್ಳುವುದು. ಮನೆಯನ್ನು ತಂತ್ರಾಂಶಕ್ಕೆ ಹೋಲಿಸಿದರೆ ವೇದಿಕೆಯು ತಳಪಾಯವೂ ಗಾರೆಯೂ ಗಾರೆಕೆಲಸದವನ ಕೈರೂಢಿಯೂ ಕೂಡಿದ್ದು. ಮನೆ ಕಟ್ಟಿದ ಮೇಲೆ ತಳಪಾಯವನ್ನು ಬದಲಾಯಿಸುವುದು ಕಷ್ಟವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

೨. ಕಡತದಿಂದ ಪಹಣಿಗೆ

ಭೂದಾಖಲೆಯ ವೇದಿಕೆ ಬದಲಾದುದು ಗಣಕದ ಕಾಲದಲ್ಲಿಯೇ ಮೊದಲಲ್ಲ. ಹಿಂದೆ ಮೈಸೂರು ಸೀಮೆಯ ಶಾನುಭೋಗರು ಕಡತಗಳಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಅಳಿಸಿ ಬರೆಯಲು ಬರುತ್ತಿದ್ದುದು ಅದರ ಅನುಕೂಲವೂ ಹೌದು, ಅಪಾಯವೂ ಹೌದು. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದುದರಿಂದ ಲೆಕ್ಕದ ಒಳಗುಟ್ಟು ಒಂದು ಮನೆತನದ ಸೊತ್ತಾಗಿ ಉಳಿಯುತ್ತಿದ್ದಿತು. ಊರಿನ ಯಾವ ಗದ್ದೆ ಯಾರದು, ಯಾವ ಬದು ಎಂದು ಒಡೆಯಿತು ಎಂಬುದನ್ನು ಬರೆಹಕ್ಕಿಂತ ಹೆಚ್ಚಾಗಿ ಅವರ ನೆನಪು ಬಲ್ಲುದಾಗಿದ್ದಿತು.

೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು ೧೯೬೩ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯವನ್ನು ಕೊನೆಗಾಣಿಸಿತು. ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ೧೯೬೪ರ ಭೂಕಂದಾಯ ಅಧಿನಿಯಮವು ಏಕೀಕೃತ ರಾಜ್ಯಕ್ಕೆಲ್ಲ ಒಂದೇ ಬಗೆಯ ದಾಖಲೆಕ್ರಮವನ್ನು ವಿಧಿಸಿತು. ಹಕ್ಕು, ಗೇಣಿ ಮತ್ತು ಬೆಳೆಗಳನ್ನು ತಿಳಿಸುವ ಪಹಣಿ ಪತ್ರಿಕೆಯಲ್ಲಿ ಮೂರನೆಯ ಕಾಲಮಿನಲ್ಲಿ ವಿಸ್ತೀರ್ಣ, ಒಂಬತ್ತನೆಯದರಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, ಹನ್ನೆರಡನೆಯದರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರಗಳು ಬರಬೇಕೆಂದು ಗೊತ್ತಾಯಿತು. ನೆನಪಿನ ಸ್ಥಾನವನ್ನು ನಮೂನೆ ಆಕ್ರಮಿಸಿತು. ಇದೂ ಒಂದು ಬಗೆಯ ವೇದಿಕೆಯ ಬದಲಾವಣೆಯೇ. ಇದರಿಂದ ಬಂದ ಲಾಭ ಏಕರೂಪತೆ. ಆದ ನಷ್ಟವೆಂದರೆ, ನಮೂನೆಯ ಕಾಲಮುಗಳಲ್ಲಿ ಹಿಡಿಸದ ಸಂಗತಿಗಳು ದಾಖಲೆಯಿಂದ ಜಾರಿಹೋದುವು.

ಆದರೂ ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಕೈಯಲ್ಲಿಯೇ ಉಳಿದಿದ್ದಿತು. ರಾಜ್ಯದಲ್ಲಿ ಸುಮಾರು ೯,೦೦೦ ಮಂದಿ ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಗ್ರಾಮಗಳು. ಪಹಣಿಯ ನಕಲು ಬೇಕಾದ ರೈತ ಅವರನ್ನು ಹುಡುಕಿಕೊಂಡು ಹೋಗಬೇಕು; ಅವರಿಗೆ ಬಿಡುವಿರಬೇಕು, ಮನಸ್ಸಿರಬೇಕು. ಪುಸ್ತಕವನ್ನು ಮೇಲಿನವರು ನೋಡುವುದು ಅಪರೂಪವಾದುದರಿಂದ ಖಾತೆಯ ಬದಲಾವಣೆಯನ್ನು ತಡೆಹಿಡಿಯುವುದಕ್ಕಾಗಲಿ ತಿದ್ದುವುದಕ್ಕಾಗಲಿ ಅವಕಾಶ ಧಾರಾಳವಾಗಿದ್ದಿತು.

೩. 'ಭೂಮಿ' ಕಟ್ಟಿದ ಬಗೆ

ಭೂದಾಖಲೆಗಳನ್ನು ಗಣಕೀಕರಿಸುವ ಕೇಂದ್ರ ಸರ್ಕಾರದ ಯೋಜನೆ ೧೯೮೮-೮೯ರಲ್ಲಿ ಎಂಟು ರಾಜ್ಯಗಳ ಎಂಟು ಜಿಲ್ಲೆಗಳಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತು. ಅನಂತರ ಕರ್ನಾಟಕದಲ್ಲಿಯೂ ಪ್ರಯತ್ನಗಳು ನಡೆದುವು. ಅವು ಬಹುಮಟ್ಟಿಗೆ ಫಲಿಸದೆ ಹೋದುದಕ್ಕೆ ಕಾರಣ ಗಮನಾರ್ಹವಾದುದು. ದಾಖಲೆಗಳನ್ನು ಯಂತ್ರಕ್ಕೆ ಊಡಿಸಲಾಯಿತು. ಆದರೆ ಕೈಬರೆಹದ ಪಹಣಿಯೇ ಕಾನೂನಿನ ದೃಷ್ಟಿಯಲ್ಲಿ ಸಾಧುವಾಗಿ ಮುಂದುವರಿಯಿತು. ಖಾತೆ ಬದಲಾದಾಗ ತಿದ್ದುಪಡಿ ಪುಸ್ತಕದಲ್ಲಿ ಆಗುತ್ತಿದ್ದಿತು, ಯಂತ್ರದಲ್ಲಿ ಆಗುತ್ತಿರಲಿಲ್ಲ. ಹೀಗೆ ಯಂತ್ರದೊಳಗಿನ ದಾಖಲೆ ಕೆಲಕಾಲದಲ್ಲಿಯೇ ಹಳಸಿತು. ದೋಷ ಯಂತ್ರದ್ದಾಗಿರಲಿಲ್ಲ, ಎರಡು ದಾಖಲೆಗಳು ಏಕಕಾಲದಲ್ಲಿ ಬದುಕಿದ್ದುದರಲ್ಲಿ ಇದ್ದಿತು.

'ಭೂಮಿ' ಈ ಪಾಠವನ್ನು ಕಲಿತು ಹುಟ್ಟಿದ ಯೋಜನೆ. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಘಟಕವು ಇದರ ತಂತ್ರಾಂಶವನ್ನು ರಚಿಸಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲು ಪ್ರಯೋಗಿಸಿ, ಕಂಡ ಲೋಪಗಳನ್ನು ತಿದ್ದಿ, ಬಳಿಕ ಉಳಿದ ತಾಲ್ಲೂಕುಗಳಿಗೆ ವಿಸ್ತರಿಸಲಾಯಿತು. ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸಂಬಂಧಪಟ್ಟ ಸುಮಾರು ೨ ಕೋಟಿ ಪಹಣಿಗಳು ಯಂತ್ರವನ್ನು ಸೇರಿದುವು. ನಮೂದಾದುದನ್ನು ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಮೂಲದೊಡನೆ ತಾಳೆ ನೋಡಿಸಿ, ತಪ್ಪನ್ನು ತಿದ್ದಿಸಲಾಯಿತು. ಒಂದು ತಾಲ್ಲೂಕಿನ ಕೆಲಸ ಪೂರ್ತಿಯಾದೊಡನೆ ಅಲ್ಲಿ ಕೈಬರೆಹದ ಪಹಣಿಯ ಮಾನ್ಯತೆಯನ್ನು ರದ್ದುಮಾಡಲಾಯಿತು. ಯೋಜನೆಯ ಜೀವಾಳವೇ ಈ ನಿರ್ಧಾರವೆಂದು ಹೇಳಬೇಕು. ೨೦೦೨ರ ವೇಳೆಗೆ ಆಗಿನ ಕೋಲಾರ ಜಿಲ್ಲೆಯ ತಾಲ್ಲೂಕುಗಳೂ ಸೇರಿ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ಕೆಲಸಮಾಡತೊಡಗಿದುವು. ಹದಿನೈದು ರೂಪಾಯಿ ಕೊಟ್ಟು ಯಾರು ಬೇಕಾದರೂ ಪಹಣಿಯನ್ನು ಪಡೆಯಬಹುದಾಯಿತು. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯದೊಂದು ಪರದೆಯನ್ನು ಇಟ್ಟಿದ್ದರು.

ತಂತ್ರಾಂಶದ ಒಳಗಿನ ಕಟ್ಟುಪಾಡುಗಳು ಮೂರು ಮುಖ್ಯವಾದುವು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಗೊಳಿಸಬೇಕು; ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ಯಂತ್ರ ಬಿಡುತ್ತಿರಲಿಲ್ಲ. ದಾಖಲೆಯನ್ನು ಮುಟ್ಟುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕು, ತಿದ್ದಿದವನಾರೆಂಬುದು ಉಳಿಯುತ್ತಿದ್ದಿತು. ಖಾತೆ ಬದಲಾವಣೆಯ ಆದೇಶಪತ್ರವನ್ನೂ ಕಕ್ಷಿದಾರರಿಗೆ ಮುಟ್ಟಿಸಿದ ತಿಳಿವಳಿಕೆ ಪತ್ರವನ್ನೂ ಚಿತ್ರರೂಪದಲ್ಲಿ ಸೇರಿಸಿಡಬೇಕು. ಕಡತದ ಕಾಲದ ಅಪಾಯಕ್ಕೆ, ಎಂದರೆ ಗುರುತುಳಿಯದಂತೆ ಅಳಿಸಿ ಬರೆಯುವುದಕ್ಕೆ, ಇವು ನೇರವಾದ ಉತ್ತರಗಳು.

೪. ಗುಂಟೆಯ ಲೆಕ್ಕ, ಹೆಸರಿನ ಅಕ್ಷರ

ತಂತ್ರಾಂಶ ರಚನೆಯ ನಿಜವಾದ ಕಷ್ಟ ಎಲ್ಲಿರುತ್ತದೆಂಬುದನ್ನು ತಿಳಿಯಲು ಎರಡು ಉದಾಹರಣೆಗಳು ಸಾಕು.

ಮೊದಲನೆಯದು ಅಳತೆ. ಎಕರೆಗೆ ೪೦ ಗುಂಟೆ. ಗುಂಟೆಗೆ ೧೬ ಆಣೆ. ಎರಡು ಎಕರೆ ಐದು ಗುಂಟೆಯನ್ನು ರೂಢಿಯಲ್ಲಿ ೨.೦೫ ಎಂದು ಬರೆಯುತ್ತಾರೆ. ಈ ಬಿಂದುವನ್ನು ದಶಾಂಶಬಿಂದುವೆಂದು ಯಂತ್ರ ಭಾವಿಸಿದರೆ ಐದು ಗುಂಟೆ ಎರಡು ಗುಂಟೆಯಾಗಿ ಕುಗ್ಗುತ್ತದೆ. ೧.೨೫ಕ್ಕೆ ೧.೨೫ನ್ನು ಕೂಡಿಸಿದರೆ ಶಾಲೆಯ ಹುಡುಗ ೨.೫೦ ಎನ್ನುವನು, ರೈತನು ಮೂರು ಎಕರೆ ಹತ್ತು ಗುಂಟೆ ಎನ್ನುವನು. ಸರಿಯಾದುದು ರೈತನ ಲೆಕ್ಕ. ಆದಕಾರಣ ಇಂತಹ ತಂತ್ರಾಂಶಕ್ಕೆ ಕೂಡುವ ಕಳೆಯುವ ವಿಧಾನವನ್ನೇ ಬೇರೆಯಾಗಿ ಕಲಿಸಬೇಕಾಗುತ್ತದೆ. ಮುಂದಿನ ತೊಡಕನ್ನು ನೋಡಿ. ಈ ೨ ಎಕರೆ ೫ ಗುಂಟೆ ಮೂವರು ಅಣ್ಣತಮ್ಮಂದಿರಲ್ಲಿ ಸಮನಾಗಿ ಹಂಚಿಕೆಯಾಗಬೇಕು. ಒಟ್ಟು ೮೫ ಗುಂಟೆ. ಒಬ್ಬೊಬ್ಬನಿಗೆ ೨೮ ಗುಂಟೆ ೫ ಆಣೆ ಬಂದು, ಮಿಕ್ಕುದು ಒಂದು ಆಣೆ. ಗುಂಟೆ ೧,೦೮೯ ಚದರಡಿಯಾದುದರಿಂದ ಈ ಒಂದು ಆಣೆ ೬೮ ಚದರಡಿಯಷ್ಟು ನೆಲ. ಒಂಬತ್ತನೆಯ ಕಾಲಮಿನ ಪಾಲುಗಳ ಮೊತ್ತ ಮೂರನೆಯ ಕಾಲಮಿನ ವಿಸ್ತೀರ್ಣಕ್ಕೆ ಸರಿಹೊಂದಬೇಕೆಂಬುದು ದಾಖಲೆಯ ನಿಯಮ. ಹಾಗಾದರೆ ಈ ಒಂದು ಆಣೆ ಯಾರಿಗೆ ಸೇರಬೇಕು? ಗ್ರಾಮಲೆಕ್ಕಿಗನಾದರೆ ಹಿರಿಯರನ್ನು ಕೂರಿಸಿಕೊಂಡು ಮಾತಿನಲ್ಲಿ ತೀರ್ಮಾನಿಸಿಯಾನು. ಯಂತ್ರಕ್ಕೆ ಮಾತಿಲ್ಲ, ಅದಕ್ಕೆ ಮೊದಲೇ ನಿಯಮವನ್ನು ಹೇಳಿರಬೇಕು. ಮೂರು ಮತ್ತು ಒಂಬತ್ತನೆಯ ಕಾಲಮುಗಳು ತಾಳೆಯಾಗದ ಪಹಣಿಗಳ ತಿದ್ದುಪಡಿಗಾಗಿ ಕಂದಾಯ ಇಲಾಖೆ ಮುಂದೆ ಅದಾಲತ್ತುಗಳನ್ನೇ ನಡೆಸಬೇಕಾಯಿತೆಂಬುದು ಈ ಪ್ರಶ್ನೆ ಕ್ಷುಲ್ಲಕವಲ್ಲವೆಂಬುದಕ್ಕೆ ನಿದರ್ಶನ.

ಎರಡನೆಯದು ಹೆಸರು. ಈ ನಾಲ್ಕು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ದಾಖಲೆಯ ಬರೆಹ ಕನ್ನಡ. ತಂದೆಯ ಹೆಸರಿಗೆ ಮುಂಚೆ 'ಬಿನ್' ಎಂದೂ ಗಂಡನ ಹೆಸರಿಗೆ ಮುಂಚೆ 'ಕೋಂ' ಎಂದೂ ಬರೆಯುವ ಹಳೆಯ ವಾಡಿಕೆ ಇನ್ನೂ ಉಳಿದಿದೆ. ಮುನಿಯಪ್ಪನೆಂಬವನು ಒಂದು ಸರ್ವೆ ನಂಬರಿನಲ್ಲಿ ಮುನಿಯಪ್ಪ, ಇನ್ನೊಂದರಲ್ಲಿ ಮುನಿಶಾಮಪ್ಪ, ಬ್ಯಾಂಕಿನಲ್ಲಿ ಮುನಿಸ್ವಾಮಿ. ಊರಿಗೆ ಈ ಮೂವರೂ ಒಬ್ಬನೇ. ಯಂತ್ರಕ್ಕೆ ಮೂವರೂ ಬೇರೆ. ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳಿದರೆ ವಾಚಕರು ಮನ್ನಿಸಬೇಕು. ನಮ್ಮ ತಾತನವರ ಹೆಸರಿನ ಎರಡು ಪಹಣಿಗಳು ನಮ್ಮಲ್ಲಿವೆ. ಒಂದು ಕೈಬರೆಹದ್ದು, ಒಂದು ಗಣಕದ್ದು. ಎರಡನೆಯದರಲ್ಲಿ ಅವರ ತಂದೆಯ ಹೆಸರಿನ ಒಂದು ಅಕ್ಷರ ಮಾರ್ಪಟ್ಟಿದೆ. ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಕೊಟ್ಟಾಗ, ಆ ಒಂದು ಅಕ್ಷರಕ್ಕಾಗಿ ನಮ್ಮ ತಂದೆ ಕಚೇರಿಗೆ ಎರಡು ಬೇಸಿಗೆ ಅಲೆದರು. ಹಳೆಯ ಕೈಬರೆಹದ ಹಾಳೆಯನ್ನು ಅಜ್ಜಿ ಟ್ರಂಕಿನಲ್ಲಿ ಮಡಿಸಿಟ್ಟಿದ್ದುದರಿಂದ ಕೆಲಸ ಕೈಗೂಡಿತು. ಅದು ಇಲ್ಲದಿದ್ದರೆ ಯಂತ್ರದ ತಪ್ಪನ್ನು ತಪ್ಪೆಂದು ತೋರಿಸುವ ಸಾಕ್ಷಿ ನಮ್ಮಲ್ಲಿ ಬೇರೊಂದಿರಲಿಲ್ಲ.

೫. ಎರಡು ವೇದಿಕೆಗಳ ವಾದ

'ಭೂಮಿ'ಯನ್ನು ರಚಿಸಿದವರು ಆರಿಸಿಕೊಂಡ ವೇದಿಕೆ ಮೈಕ್ರೋಸಾಫ್ಟ್ ಸಂಸ್ಥೆಯದು. ಪ್ರೋಗ್ರಾಮಿನ ಭಾಷೆ ವಿಷುಯಲ್ ಬೇಸಿಕ್. ದತ್ತಾಂಶವನ್ನು ಇಡುವ ಕಣಜ ಎಸ್‌ಕ್ಯೂಎಲ್ ಸರ್ವರ್. ಇವುಗಳನ್ನು ನಡೆಸುವ ವ್ಯವಸ್ಥೆ ವಿಂಡೋಸ್ ಎನ್‌ಟಿ. ಒಂದೊಂದು ತಾಲ್ಲೂಕು ಕಚೇರಿಯಲ್ಲಿಯೂ ಒಂದೊಂದು ಕಣಜ. ವಿಷುಯಲ್ ಬೇಸಿಕ್ ಕಲಿಯಲು ಸುಲಭ. ಪರದೆಯ ಮೇಲೆ ನಮೂನೆಗಳನ್ನು ಬೇಗ ರಚಿಸಬಹುದು. ಅಂದಿನ ಕಾಲಕ್ಕೆ ಈ ಆಯ್ಕೆ ಅಸಂಗತವಾದುದೇನೂ ಅಲ್ಲ.

ಅದೇ ಹೊತ್ತಿಗೆ ಹೊರಗೆ ದೊಡ್ಡ ಸ್ಪರ್ಧೆ ಆರಂಭವಾಗಿದ್ದಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೯೫ರಲ್ಲಿ ಜಾವಾ ಭಾಷೆಯನ್ನು ಹೊರತಂದು, ದೊಡ್ಡ ಸಂಸ್ಥೆಗಳಿಗಾಗಿ ಅದರ ವಿಸ್ತೃತ ರೂಪವಾದ ಜೆ೨ಇಇಯನ್ನು ೧೯೯೯ರಲ್ಲಿ ಪ್ರಕಟಿಸಿತು. ಇದಕ್ಕೆದುರಾಗಿ ಮೈಕ್ರೋಸಾಫ್ಟ್ ೨೦೦೦ದಲ್ಲಿ ಡಾಟ್‌ನೆಟ್ಟನ್ನು ಘೋಷಿಸಿ ೨೦೦೨ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿತು. ಎರಡರ ತತ್ತ್ವವೂ ಸ್ಥೂಲವಾಗಿ ಇಷ್ಟು: ಜಾವಾ ಪಕ್ಷದಲ್ಲಿ ಭಾಷೆ ಒಂದು, ಅದು ನಡೆಯುವ ಯಂತ್ರವ್ಯವಸ್ಥೆಗಳು ಹಲವು, ವಿಧಿಗ್ರಂಥ ಒಂದು, ಅದರಂತೆ ಸರಕನ್ನು ಮಾರುವ ಐಬಿಎಂ, ಬಿಇಎ ಮೊದಲಾದ ಸಂಸ್ಥೆಗಳು ಹಲವು. ಡಾಟ್‌ನೆಟ್ ಪಕ್ಷದಲ್ಲಿ ಭಾಷೆಗಳು ಹಲವು, ಯಂತ್ರವ್ಯವಸ್ಥೆ ಒಂದು, ಒಡೆಯನೂ ಒಬ್ಬನೇ. ಮೊದಲನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ತೊಡಕೂ ಹೆಚ್ಚು. ಎರಡನೆಯದರಲ್ಲಿ ಸರಾಗ ಹೆಚ್ಚು, ಅವಲಂಬನೆಯೂ ಹೆಚ್ಚು. ಹೀಗೆಂದು ಆಗಿನ ತಜ್ಞರು ಸಾಮಾನ್ಯವಾಗಿ ಭಾವಿಸಿದ್ದರು.

ಈ ವಾದದ ಪ್ರಸಿದ್ಧ ಅಧ್ಯಾಯವೊಂದು ಸಾಕುಪ್ರಾಣಿಗಳ ಅಂಗಡಿಯದು. ಸನ್ ಸಂಸ್ಥೆ ಜಾವಾ ವೇದಿಕೆಯ ರಚನಾಕ್ರಮವನ್ನು ಕಲಿಸುವ ಮಾದರಿಯಾಗಿ 'ಪೆಟ್ ಸ್ಟೋರ್' ಎಂಬ ಕಲ್ಪಿತ ಅಂಗಡಿಯ ತಂತ್ರಾಂಶವನ್ನು ಪ್ರಕಟಿಸಿತು. ಮೈಕ್ರೋಸಾಫ್ಟ್ ಅದೇ ಅಂಗಡಿಯನ್ನು ಡಾಟ್‌ನೆಟ್‌ನಲ್ಲಿ 'ಪೆಟ್ ಶಾಪ್' ಎಂಬ ಹೆಸರಿನಿಂದ ಬರೆದು, ತನ್ನದು ಎಷ್ಟೋ ಪಾಲು ಕಡಿಮೆ ಸಾಲುಗಳಲ್ಲಿ ಮುಗಿಯಿತೆಂದೂ ಬಹಳ ವೇಗವಾಗಿ ಓಡುತ್ತದೆಂದೂ ಸಾರಿತು. ೨೦೦೨ರ ಅಕ್ಟೋಬರಿನಲ್ಲಿ ದಿ ಮಿಡ್ಲ್‌ವೇರ್ ಕಂಪನಿ ಎಂಬ ಸಂಸ್ಥೆ ನಡೆಸಿದ ಪರೀಕ್ಷೆಯ ವರದಿಯೂ ಡಾಟ್‌ನೆಟ್ ಪಕ್ಷಕ್ಕೆ ಅನುಕೂಲವಾಗಿದ್ದಿತು. ಜಾವಾ ಪಕ್ಷದವರು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ಪೆಟ್ ಸ್ಟೋರ್ ಪಾಠಕ್ಕೆಂದು ಬರೆದುದು, ಓಟದ ಪಂದ್ಯಕ್ಕೆಂದಲ್ಲ. ಪಾಠದ ಸ್ಪಷ್ಟತೆಗಾಗಿ ಅದರಲ್ಲಿ ಪದರಗಳನ್ನು ಹೆಚ್ಚಾಗಿ ಇಡಲಾಗಿದೆ. ಅದನ್ನು ಓಟಕ್ಕೆ ಪಳಗಿಸಿದ ಪ್ರತಿಸ್ಪರ್ಧಿಯೊಡನೆ ಓಡಿಸುವುದು ನ್ಯಾಯವಲ್ಲ ಎಂಬುದು ಅವರ ಆಕ್ಷೇಪ. ಕೊನೆಗೆ ಅದೇ ಸಂಸ್ಥೆ ನಿಯಮಗಳನ್ನು ಮೊದಲೇ ಗೊತ್ತುಪಡಿಸಿಕೊಂಡು ೨೦೦೩ರಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಬೇಕಾಯಿತು.

ಇತಿಹಾಸದ ವಿದ್ಯಾರ್ಥಿಗೆ ಈ ಪ್ರಸಂಗದ ನೀತಿ ಸುಲಭವಾಗಿ ಹೊಳೆಯುವುದು. ಆಧಾರವು ಯಾವ ಉದ್ದೇಶದಿಂದ ಹುಟ್ಟಿತೋ ಅದನ್ನರಿಯದೆ ಬೇರೊಂದು ಉದ್ದೇಶಕ್ಕೆ ಬಳಸಿದರೆ ತೀರ್ಮಾನ ತಪ್ಪುತ್ತದೆ. ಪ್ರಶಸ್ತಿಶಾಸನವನ್ನು ಕಂದಾಯದ ಲೆಕ್ಕವೆಂದು ಓದಬಾರದು. ಅಳೆಯುವುದಕ್ಕೆ ಸುಲಭವಾದುವು ಸಾಲುಗಳ ಸಂಖ್ಯೆಯೂ ಓಟದ ವೇಗವೂ. ಹಾಗಾಗಿ ಅವನ್ನೇ ಅಳೆದರು. ಅಳತೆಗೆ ಸಿಕ್ಕದ ಗುಣಗಳು ತಕ್ಕಡಿಗೆ ಬರಲೇ ಇಲ್ಲ.

೬. ಬೇರೊಂದು ಒರೆಗಲ್ಲು

ಪಹಣಿಯ ದೃಷ್ಟಿಯಿಂದ ವೇದಿಕೆಗಳನ್ನು ಪರೀಕ್ಷಿಸುವುದಾದರೆ ಯಾವ ಪ್ರಶ್ನೆಗಳನ್ನು ಕೇಳಬೇಕು?

ಮೊದಲನೆಯ ಪ್ರಶ್ನೆ ಆಯುಸ್ಸಿನದು. ವಿಷುಯಲ್ ಬೇಸಿಕ್‌ನ ಆರನೆಯ ಆವೃತ್ತಿ ಬಂದುದು ೧೯೯೮ರಲ್ಲಿ. ಅದರ ರಚನಾಸಾಧನಗಳಿಗೆ ಕೊಡುತ್ತಿದ್ದ ಪೋಷಣೆಯನ್ನು ಮೈಕ್ರೋಸಾಫ್ಟ್ ನಿಲ್ಲಿಸಿದುದು ೨೦೦೮ರಲ್ಲಿ. ಹತ್ತೇ ವರ್ಷ. ಸನ್ ಸಂಸ್ಥೆಯನ್ನು ೨೦೧೦ರಲ್ಲಿ ಒರಾಕಲ್ ಕೊಂಡುಕೊಂಡಿತು. ಅದರ ಸಂಸ್ಥಾಜಾವಾ ೨೦೧೭ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನದ ಪಾಲಾಗಿ ಮರುವರ್ಷ ಜಕಾರ್ತಾ ಎಂಬ ಹೊಸ ಹೆಸರನ್ನು ತಳೆಯಿತು. ಒಬ್ಬನೇ ಒಡೆಯನದೆನಿಸಿದ್ದ ಡಾಟ್‌ನೆಟ್‌ನ ಹೊಸ ರೂಪವು ೨೦೧೪ರಲ್ಲಿ ಮುಕ್ತ ತಂತ್ರಾಂಶವೆಂದು ಘೋಷಿತವಾಗಿ, ೨೦೧೬ರ ವೇಳೆಗೆ ಲಿನಕ್ಸ್ ಮೇಲೆಯೂ ನಡೆಯತೊಡಗಿತು. ೨೦೦೨ರ ವಾದದ ಆಧಾರಗಳೇ ಹದಿನೈದು ವರ್ಷಗಳಲ್ಲಿ ತಲೆಕೆಳಗಾದುವೆಂದಂತಾಯಿತು. ಪಹಣಿಯಾದರೋ ಮೂರು ತಲೆಮಾರಿನ ವ್ಯಾಜ್ಯಕ್ಕೆ ಸಾಕ್ಷಿಯಾಗತಕ್ಕದ್ದು. ಹೀಗಿರಲಾಗಿ, ವೇದಿಕೆ ಸತ್ತ ಮೇಲೂ ದಾಖಲೆ ಬದುಕುವಂತೆ ಅದನ್ನು ಹೊರತೆಗೆಯಲು ಬರುವುದೇ ಎಂಬುದು ವೇಗಕ್ಕಿಂತ ಮುಖ್ಯವಾದ ಪ್ರಶ್ನೆ. ಕನ್ನಡದ ಮಟ್ಟಿಗೆ ಇದರಲ್ಲಿ ಇನ್ನೊಂದು ತೊಡಕೂ ಸೇರಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಆಡಳಿತದಲ್ಲಿ ಅದು ರೂಢಿಗೆ ಬಂದುದು ಬಹಳ ತಡವಾಗಿ. ಅದಕ್ಕೆ ಮುಂಚಿನ ಬರೆಹ ಆಯಾ ಅಕ್ಷರತಂತ್ರಾಂಶದ ಸ್ವಂತ ಸಂಕೇತಗಳಲ್ಲಿರುತ್ತಿದ್ದಿತು. ಅಂತಹ ಬರೆಹವನ್ನು ಪರಿವರ್ತಿಸುವಾಗ ಒತ್ತಕ್ಷರವೊಂದು ಜಾರಿದರೂ ಹೆಸರು ಕೆಡುತ್ತದೆ.

ಎರಡನೆಯ ಪ್ರಶ್ನೆ ತಿದ್ದುಪಡಿಯದು. ತಪ್ಪನ್ನು ತಿದ್ದಲು ಬರಬೇಕು. ತಿದ್ದಿದ ಗುರುತೂ ಉಳಿಯಬೇಕು. 'ಭೂಮಿ'ಯ ಬೆರಳಚ್ಚಿನ ಕ್ರಮವೂ ಆದೇಶಗಳ ಚಿತ್ರಸಂಗ್ರಹವೂ ಎರಡನೆಯದನ್ನು ಸಾಧಿಸಿದುವು. ಮೊದಲನೆಯದು ಅಷ್ಟು ಸುಲಭವಾಗಲಿಲ್ಲ. ಕೈಬರೆಹದ ಕಾಲದಲ್ಲಿ ತಪ್ಪು ಮಾಡುವುದೂ ಸುಲಭ, ತಿದ್ದುವುದೂ ಸುಲಭ, ವಂಚಿಸುವುದೂ ಸುಲಭ. ಯಂತ್ರದ ಕಾಲದಲ್ಲಿ ವಂಚನೆ ಕಷ್ಟವಾಯಿತು. ಜೊತೆಗೆ ನಿರಪರಾಧಿಯ ತಿದ್ದುಪಡಿಯೂ ಕಷ್ಟವಾಯಿತು. ಜಾವಾ ಆಗಿದ್ದರೂ ಡಾಟ್‌ನೆಟ್ ಆಗಿದ್ದರೂ ಈ ಸ್ಥಿತಿ ಬೇರೆಯಾಗುತ್ತಿರಲಿಲ್ಲ. ತಿದ್ದುಪಡಿಯ ಅಧಿಕಾರ ಯಾರಿಗೆ, ಎಷ್ಟು ದಿನಗಳಲ್ಲಿ, ಯಾವ ಸಾಕ್ಷಿಯ ಮೇಲೆ ಎಂಬುದನ್ನು ನಿರ್ಧರಿಸುವುದು ವೇದಿಕೆಯಲ್ಲ, ಕಾನೂನು.

ಮೂರನೆಯ ಪ್ರಶ್ನೆ ಒಡೆತನದ್ದು. ತಾಲ್ಲೂಕು ತಾಲ್ಲೂಕಿಗೂ ಬೇರೆಯಾಗಿದ್ದ ಕಣಜಗಳನ್ನು ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. ೨೦೦೬ರಿಂದ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ತೆರೆದುವು. ೨೦೧೨ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದುವು. ಮನೆಯಲ್ಲಿಯೇ ಕುಳಿತು ಪಹಣಿಯನ್ನು ನೋಡುವ ಕಾಲವೂ ಬಂದಿತು. ಅನುಕೂಲ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿಂದೆ ಶಿಡ್ಲಘಟ್ಟದ ಯಂತ್ರ ಕೆಟ್ಟರೆ ಶಿಡ್ಲಘಟ್ಟದ ಕೆಲಸ ನಿಲ್ಲುತ್ತಿದ್ದಿತು. ಈಗ ಕೇಂದ್ರದ ಯಂತ್ರ ತಡವರಿಸಿದರೆ ರಾಜ್ಯದಲ್ಲೆಲ್ಲ ಕಿಟಕಿಗಳ ಮುಂದೆ ಸಾಲು ಬೆಳೆಯುತ್ತದೆ. ಅಲ್ಲದೆ, ದಾಖಲೆ ಒಂದೆಡೆ ಸೇರಿದುದರಿಂದ ಲಾಭ ಪಡೆದವರು ಯಾರೆಂಬ ಪ್ರಶ್ನೆಯನ್ನು ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ೨೦೦೭ರ ಅಧ್ಯಯನವೊಂದರಲ್ಲಿ ಎತ್ತಿದರು. ಬೆಂಗಳೂರಿನ ಸುತ್ತಿನ ಪ್ರದೇಶವನ್ನು ಕುರಿತ ಅವರ ವಾದದಂತೆ, ಗಣಕೀಕರಣವು ಚಿಕ್ಕ ರೈತನಿಗಿಂತ ಭೂಮಿಯ ದೊಡ್ಡ ವ್ಯವಹಾರಸ್ಥರಿಗೆ ನೆರವಾಯಿತು. ಈ ಮತವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ನೆರೆಯ ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನನಿಲ್ದಾಣ ಆರಂಭವಾದ ಮೇಲೆ ನಂದಿಬೆಟ್ಟದ ಆಸುಪಾಸಿನ ನೆಲಕ್ಕೆ ಬಂದ ಬೆಲೆಯನ್ನು ಕಂಡವರು ಇದನ್ನು ಉಪೇಕ್ಷಿಸಲಾರರು. ಬೆಳಕು ಎಲ್ಲರ ಮೇಲೂ ಬೀಳುತ್ತದೆ. ಆದರೆ ಕಣ್ಣು ಚುರುಕಾದವನು ಮೊದಲು ನೋಡುತ್ತಾನೆ.

ಇಷ್ಟರಿಂದ ವೇದಿಕೆಯ ಆಯ್ಕೆ ನಿರರ್ಥಕವೆಂದು ಹೇಳಿದಂತಾಗಲಿಲ್ಲ. ಬೇಗ ಕಟ್ಟಲು ಬರುವ ಸಾಧನವನ್ನು ಹಿಡಿದುದರಿಂದಲೇ 'ಭೂಮಿ' ಕೆಲವೇ ವರ್ಷಗಳಲ್ಲಿ ರಾಜ್ಯವನ್ನೆಲ್ಲ ಮುಟ್ಟಲು ಅನುಕೂಲವಾಯಿತೆಂದು ಊಹಿಸಬಹುದು. ಒಂದು ಸಂಸ್ಥೆಯ ವೇದಿಕೆಯನ್ನು ಹಿಡಿದ ಮೇಲೆ ಅದರ ಆಯುಸ್ಸು ಮುಗಿದಾಗ ಮರುರಚನೆಯ ವೆಚ್ಚವನ್ನು ಸಾರ್ವಜನಿಕರೇ ಹೊರಬೇಕಾಗುವುದೂ ನಿಜ. ಸರ್ಕಾರಿ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ ೨೦೧೫ರಲ್ಲಿ ಪ್ರಕಟಿಸಿದುದಕ್ಕೆ ಇಂತಹ ಅನುಭವಗಳೇ ಹಿನ್ನೆಲೆ. ನನ್ನ ಅಭಿಪ್ರಾಯ ಇಷ್ಟೇ: ೧೯೮೮ರ ಅನಂತರದ ಮೊದಲ ಪ್ರಯತ್ನಗಳು ಸೋತುದೂ 'ಭೂಮಿ' ಗೆದ್ದುದೂ ವೇದಿಕೆಯ ಭೇದದಿಂದಲ್ಲ. ಒಂದೇ ದಾಖಲೆ ಸಾಧುವೆಂಬ ಆಜ್ಞೆ, ಮುದ್ರಿಸಿ ತಾಳೆ ನೋಡಿದ ಶ್ರಮ, ಸರದಿಯನ್ನು ಮುರಿಯಗೊಡದ ನಿಯಮ ಇವುಗಳಿಂದ. ಇವು ಯಾವ ವೇದಿಕೆಯೊಳಗೂ ಸಿದ್ಧವಾಗಿ ದೊರೆಯುವುವಲ್ಲ.

೭. ಉಪಸಂಹಾರ

ಪ್ರಸ್ತುತ ಕಾಲದಲ್ಲಿಯೂ ಈ ಇತಿಹಾಸ ಮುಂದುವರಿಯುತ್ತಿದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಎರಡನೆಯ ರೂಪ ೨೦೨೩ರಲ್ಲಿ ಬಳಕೆಗೆ ಬಂದಿತು; ೨೦೨೪ರಲ್ಲಿ ಪಹಣಿಗೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಕಾರ್ಯ ರಾಜ್ಯದಲ್ಲೆಲ್ಲ ನಡೆಯಿತು; ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಚಿತ್ರೀಕರಿಸಿಡುವ ಭೂಸುರಕ್ಷಾ ಯೋಜನೆಯೂ ಆರಂಭವಾಯಿತು. ಹಳೆಯ ಹಾಳೆಗಳನ್ನು ಉಳಿಸುವ ಈ ಕೆಲಸ ಸ್ವಾಗತಾರ್ಹವಾದುದು. ಆದರೆ ಅದರಷ್ಟೇ ಮುಖ್ಯವಾದ ಇನ್ನೊಂದು ಆಕರವರ್ಗವುಂಟು. 'ಭೂಮಿ'ಯ ಮೊದಲ ತಂತ್ರಾಂಶದ ಆವೃತ್ತಿಗಳು, ತಾಳೆ ನೋಡಲು ತೆಗೆದ ಮುದ್ರಿತ ಹಾಳೆಗಳು, ಅವುಗಳ ಅಂಚಿನಲ್ಲಿ ಗ್ರಾಮಲೆಕ್ಕಿಗರು ಕೆಂಪು ಶಾಯಿಯಲ್ಲೋ ಪೆನ್ಸಿಲಿನಲ್ಲೋ ಬರೆದಿರಬಹುದಾದ ತಿದ್ದುಪಡಿಗಳು, ತರಬೇತಿಯ ಕೈಪಿಡಿಗಳು, ಸುತ್ತೋಲೆಗಳು ಇವೆಲ್ಲ ಐತಿಹಾಸಿಕ ಸಾಮಗ್ರಿಗಳೇ. ಶಾಸನವನ್ನು ಓದುವವನಿಗೆ ಕಲ್ಲಿನ ಗುಣವೂ ಕಂಡರಣೆಯ ರೀತಿಯೂ ತಿಳಿದಿರಬೇಕಾದಂತೆ, ೨೦೦೦ದ ಅನಂತರದ ಪಹಣಿಯನ್ನು ಓದುವ ಮುಂದಿನ ಸಂಶೋಧಕನಿಗೆ ಅದನ್ನು ಮುದ್ರಿಸಿದ ಪ್ರೋಗ್ರಾಮು ಎಂತಹದು, ಆ ಮಿಕ್ಕ ಒಂದು ಆಣೆಯನ್ನು ಅದು ಏನು ಮಾಡುತ್ತಿದ್ದಿತು ಎಂಬುದು ತಿಳಿದಿರಬೇಕು. ತಿಳಿಯದಿದ್ದರೆ ಅವನು ಯಂತ್ರದ ನಿಯಮವನ್ನು ರೈತನ ನಿರ್ಧಾರವೆಂದು ತಪ್ಪಾಗಿ ಬರೆದಾನು.

ಈ ಕೆಲಸಕ್ಕೆ ನಾಲ್ಕು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಸಮರ್ಥರು. ಯಾವ ಮಾತನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನದುದ್ದಕ್ಕೂ ಬೋಧಿಸಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಆ ಬೋಧೆ ಗಣಕದ ಹಾಳೆಗೂ ಅನ್ವಯಿಸುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಕೈಬರೆಹದ ಪಹಣಿಯೊಂದನ್ನು ಗಣಕದ ಪಹಣಿಯೊಡನೆ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರವಾಗಿ, ಆಣೆ ಆಣೆಯಾಗಿ ಹೋಲಿಸಿ, ಕಂಡ ವ್ಯತ್ಯಾಸಗಳನ್ನು ಪಟ್ಟಿಮಾಡಲಿ. ಮನೆಯ ಹಿರಿಯರನ್ನೂ ನಿವೃತ್ತ ಗ್ರಾಮಲೆಕ್ಕಿಗರನ್ನೂ ಕೇಳಿ ಅವುಗಳ ಕಾರಣವನ್ನು ಬರೆದಿಡಲಿ. ಇಂತಹ ನೂರು ಪಟ್ಟಿಗಳು ಸೇರಿದರೆ, ವೇದಿಕೆಗಳ ವೇಗವನ್ನು ಅಳೆದ ವರದಿಗಳು ಹೇಳದ ಒಂದು ಇತಿಹಾಸ ನಮಗೆ ದೊರೆಯುವುದು. ಅಜ್ಜಿಯಂದಿರ ಟ್ರಂಕುಗಳಲ್ಲಿನ ಹಾಳೆಗಳು ಗೆದ್ದಲಿನ ಪಾಲಾಗುವುದಕ್ಕೆ ಮೊದಲೇ ಈ ಕಾರ್ಯ ಆಗತಕ್ಕದ್ದು.